ಹೊಸ ಬಣ್ಣದ ಕೆಳಗೆ ಹಳೆ ಬಿರುಕು: ಮನೆ ಮಾರಿದವರ ಹೊಣೆ ಎಲ್ಲಿಯವರೆಗೆ?

ಓದುಗರ ಪ್ರಶ್ನೆ: ಮನೆ, ಸೈಟು, ಕಾನೂನು

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಸಂಕಟದವು. ಮನೆ ಕೊಂಡಾಯಿತು, ರಿಜಿಸ್ಟ್ರೇಷನ್ ಮುಗಿಯಿತು, ಆಮೇಲೆ ದೋಷ ಕಂಡಿತು. ಉತ್ತರಗಳನ್ನು ಸ್ಥಿರಾಸ್ತಿ ದಾವೆಗಳನ್ನು ನಡೆಸುವ ವಕೀಲರೂ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರೂ ಸೇರಿ ಬರೆದಿದ್ದಾರೆ. ಪತ್ರ ಬರೆದವರ ಹೆಸರು ಬಿಟ್ಟು ಊರಿನ ಹೆಸರನ್ನಷ್ಟೇ ಇಟ್ಟುಕೊಂಡಿದ್ದೇವೆ.

ಮೈಸೂರಿನಿಂದ: 30×40 ಸೈಟಿನಲ್ಲಿರುವ 14 ವರ್ಷದ ಮಹಡಿ ಮನೆಯನ್ನು ಏಪ್ರಿಲ್‌ನಲ್ಲಿ 92 ಲಕ್ಷಕ್ಕೆ ಕೊಂಡೆವು. ನೋಡಲು ಹೋದಾಗ ಮನೆಯಿಡೀ ಹೊಸ ಬಣ್ಣ. ಜುಲೈನಲ್ಲಿ ಮಳೆ ಹಿಡಿದ ಮೇಲೆ ಮಹಡಿ ಕೋಣೆಯ ಸೂರು ತೊಟ್ಟಿಕ್ಕತೊಡಗಿತು. ಮೇಸ್ತ್ರಿ ಗೋಡೆಯ ಪುಟ್ಟಿ ಕೆರೆದು ನೋಡಿದರೆ ಕಿಟಕಿಯ ಮೂಲೆಯಿಂದ ಓರೆಯಾಗಿ ಇಳಿದ ಬಿರುಕು, ಅದರ ಮೇಲೆ ಚಿಕನ್ ಮೆಶ್ (ತೆಳು ತಂತಿಯ ಬಲೆ) ಹೊಡೆದು ಮುಚ್ಚಿದ್ದಾರೆ. ಮಾರಿದವರನ್ನು ಕೇಳಿದರೆ, "ನೋಡಿಯೇ ತಗೊಂಡಿದ್ದೀರಲ್ಲ ಸಾರ್, ಕ್ರಯಪತ್ರದಲ್ಲೂ ಹಾಗೇ ಬರೆದಿದೆ" ಅನ್ನುತ್ತಾರೆ. ನಮಗೆ ಏನಾದರೂ ದಾರಿ ಇದೆಯೇ?

ಉತ್ತರ: ದಾರಿ ಇದೆ. ಆದರೆ ಮೇಸ್ತ್ರಿಯ ಕೆಲಸವನ್ನು ಇವತ್ತೇ ನಿಲ್ಲಿಸಿ. ಅವರು ಇನ್ನೂ ನಾಲ್ಕು ಅಡಿ ಕೆರೆದು ಸಿಮೆಂಟ್ ಮೆತ್ತಿದರೆ ನಿಮ್ಮ ಸಾಕ್ಷಿ ಗೋಡೆಯೊಳಗೇ ಹೂತುಹೋಗುತ್ತದೆ.

1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55(1)(ಎ) ಕಲಮು ಮಾರುವವರ ಮೇಲೆ ಒಂದು ಕರ್ತವ್ಯ ಹೊರಿಸುತ್ತದೆ. ಸ್ವತ್ತಿನಲ್ಲಾಗಲಿ ಅದರ ಹಕ್ಕಿನಲ್ಲಾಗಲಿ ಮುಖ್ಯವಾದ ದೋಷ ಇದ್ದು, ಅದು ಮಾರುವವರಿಗೆ ಗೊತ್ತಿದ್ದು, ಕೊಳ್ಳುವವರಿಗೆ ಗೊತ್ತಿಲ್ಲದೆ, ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣುವಂಥದ್ದಲ್ಲದಿದ್ದರೆ ಅದನ್ನು ಹೇಳಲೇಬೇಕು. ಹೇಳದಿದ್ದರೆ ಅದು ವಂಚನೆ ಎಂದು ಅದೇ ಕಲಮಿನ ಕೊನೆಯಲ್ಲಿ ಬರೆದಿದೆ. ನೀವು ಬಿಚ್ಚಬೇಕಾದ ಗಂಟು ಮೂರು: ಅವರಿಗೆ ಗೊತ್ತಿತ್ತು, ನಿಮಗೆ ಗೊತ್ತಿರಲಿಲ್ಲ, ನೋಡಿದ್ದರೂ ಕಾಣುತ್ತಿರಲಿಲ್ಲ. ಕೊನೆಯ ಎರಡು ನಿಮ್ಮ ಪ್ರಕರಣದಲ್ಲಿ ಸುಲಭ. ಪುಟ್ಟಿ ಬಡಿದ ಗೋಡೆಯನ್ನು ಕೆರೆದು ನೋಡಿಯೇ ಮನೆ ಕೊಳ್ಳಬೇಕು ಎಂದು ಯಾವ ನ್ಯಾಯಾಲಯವೂ ಹೇಳುವುದಿಲ್ಲ. ಕೇಸು ನಿಲ್ಲುವುದೂ ಬೀಳುವುದೂ ಮೊದಲ ಗಂಟಿನ ಮೇಲೆ.

ಇಲ್ಲಿ ಚಿಕನ್ ಮೆಶ್ ನಿಮ್ಮ ಪರ ಮಾತಾಡುತ್ತದೆ, ಆದರೆ ಅದು ಎಲ್ಲಿದೆ ಎಂಬುದು ಮುಖ್ಯ. ಕಾಂಕ್ರೀಟ್ ಕಂಬವೂ ಇಟ್ಟಿಗೆ ಗೋಡೆಯೂ ಸೇರುವಲ್ಲಿ ಮೆಶ್ ಹೊಡೆಯುವುದು ಒಳ್ಳೆಯ ಕಟ್ಟಡದ ರೂಢಿ, ಅದರಿಂದ ಏನೂ ಸಾಬೀತಾಗದು. ಗೋಡೆಯ ನಡುವೆ, ಬಿರುಕಿನ ಜಾಡು ಹಿಡಿದು ಓರೆಯಾಗಿ ಮೆಶ್ ಹೋಗಿದ್ದರೆ ಬಿರುಕನ್ನು ಕಂಡವರೇ ಅದನ್ನು ಹೊಡೆಸಿದ್ದಾರೆ. ತಂತಿ ಇನ್ನೂ ಹೊಳೆಯುತ್ತಿದೆಯೇ, ತುಕ್ಕು ಹಿಡಿದಿದೆಯೇ ನೋಡಿ. ಹೊಳೆಯುತ್ತಿದ್ದರೆ ರಿಪೇರಿ ಹೊಸದು, ಮಾರಿದವರು ಅದನ್ನು ತಮಗಿಂತ ಹಿಂದಿನ ಮಾಲೀಕರ ಮೇಲೆ ಹಾಕಲು ಬರುವುದಿಲ್ಲ. ಬಿರುಕಿನ ಅಂಚನ್ನೂ ನೋಡಿ. ಹೊಸ ಬಿರುಕಿನ ಅಂಚು ಚೂಪಾಗಿ, ಒಳಗೆ ಸ್ವಚ್ಛವಾಗಿರುತ್ತದೆ. ಹಳೆಯದರ ಒಳಗೆ ಧೂಳು ಕೂತಿರುತ್ತದೆ, ಹಿಂದೆ ಬಳಿದ ಬಣ್ಣ ಇಳಿದಿರುತ್ತದೆ. ಹಳೆಯ ಹಸಿರು ಬಣ್ಣ ಬಿರುಕಿನೊಳಗೆ ಇಳಿದಿದ್ದರೆ ಆ ಹಸಿರು ಬಳಿಯುವಾಗಲೇ ಅಲ್ಲಿ ಬಿರುಕಿತ್ತು ಎಂದೇ ಅರ್ಥ.

ಪ್ರತಿ ಗುರುತಿನ ಪಕ್ಕ ಅಳತೆ ಪಟ್ಟಿ ಹಿಡಿದು ಫೋಟೊ ತೆಗೆಯಿರಿ. ಮೊದಲು ಇಡೀ ಗೋಡೆ ಕಾಣುವಂತೆ ಒಂದು, ಆಮೇಲೆ ಹತ್ತಿರದಿಂದ. ಕೆರೆದ ಪುಟ್ಟಿ ಮತ್ತು ಗಾರೆಯ ತುಂಡನ್ನು ಅಂಗೈಯಗಲ, ಪದರ ಒಡೆಯದಂತೆ ತೆಗೆದು ಕವರಿನಲ್ಲಿ ಹಾಕಿ ದಿನಾಂಕ ಬರೆಯಿರಿ. ಅಟ್ಟ, ಮೆಟ್ಟಿಲಿನ ಕೆಳಗೆ, ತಾರಸಿಯ ಟ್ಯಾಂಕಿನ ಹಿಂದೆ ಒಮ್ಮೆ ಹುಡುಕಿ. ವಾಟರ್‌ಪ್ರೂಫಿಂಗ್ ಕೋಟಿಂಗ್‌ನ 20 ಲೀಟರ್ ಬಕೆಟ್ಟನ್ನು ಯಾರೂ ಎಸೆಯುವುದಿಲ್ಲ, ನೀರು ತುಂಬಲು ಇಟ್ಟುಕೊಳ್ಳುತ್ತಾರೆ. ಬಕೆಟ್ಟಿನ ಮೇಲೆ ತಯಾರಾದ ತಿಂಗಳು, ಬ್ಯಾಚ್ ನಂಬರ್ ಅಚ್ಚಾಗಿರುತ್ತದೆ. ಮಾರಾಟಕ್ಕೆ ಎರಡು ತಿಂಗಳ ಹಿಂದಿನ ತಾರೀಖು ಅದರಲ್ಲಿದ್ದರೆ "ನಮಗೆ ಸೋರಿಕೆಯೇ ಗೊತ್ತಿರಲಿಲ್ಲ" ಎಂಬ ಮಾತು ನಿಲ್ಲುವುದು ಕಷ್ಟ. ಹಿಂದೆ ಬಾಡಿಗೆಗಿದ್ದವರು, ಪಕ್ಕದ ಮನೆಯವರು, ಬಣ್ಣ ಹೊಡೆದವರು ಇವರೆಲ್ಲ ಸಾಕ್ಷಿಗಳಾಗಬಲ್ಲರು. ಬಣ್ಣದವರ ಬಿಲ್ಲಿನಲ್ಲಿ "ಕ್ರ್ಯಾಕ್ ಫಿಲ್ಲಿಂಗ್" ಎಂಬ ಒಂದು ಸಾಲು ಸಿಕ್ಕರೂ ಸಾಕು.

ಆಮೇಲೆ ಎಂಜಿನಿಯರ್ ವರದಿ. ಪರಿಚಯದ ಕಂಟ್ರಾಕ್ಟರ್ ಲೆಟರ್‌ಹೆಡ್‌ನಲ್ಲಿ ಬರೆದುಕೊಟ್ಟ ಎಸ್ಟಿಮೇಟ್ ಸಾಲದು. ಸ್ಟ್ರಕ್ಚರಲ್ ಎಂಜಿನಿಯರ್ ಬಿರುಕಿನ ಅಗಲವನ್ನು ಕ್ರ್ಯಾಕ್ ಗೇಜ್‌ನಿಂದ ಮಿಲಿಮೀಟರಿನಲ್ಲಿ ಅಳೆಯಬೇಕು. ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸಿ, ದಿನಾಂಕ ಬರೆದು, ಒಂದೆರಡು ತಿಂಗಳು ಬಿಡಬೇಕು. ಗಾಜು ಒಡೆದರೆ ಪಾಯ ಇನ್ನೂ ಕೂರುತ್ತಿದೆ ಎಂಬ ಗುಮಾನಿ ಗಟ್ಟಿಯಾಗುತ್ತದೆ, ರಿಪೇರಿಯ ಬಾಬ್ತೇ ಬೇರೆಯಾಗುತ್ತದೆ. ಸೂರನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಟೊಳ್ಳು ಸದ್ದು ಬಂದ ಕಡೆ ಕಂಬಿ ತುಕ್ಕು ಹಿಡಿದು ಉಬ್ಬಿ, ಕೆಳಗಿನ ಕಾಂಕ್ರೀಟನ್ನು ತಳ್ಳುತ್ತಿರಬಹುದು. ಹದಿನಾಲ್ಕು ವರ್ಷದ ಸ್ಲ್ಯಾಬಿನಲ್ಲಿ ಇಂಥದ್ದು ಒಂದೇ ಮಳೆಗಾಲದ ಕೆಲಸವಲ್ಲ, ಇದನ್ನು ವರದಿಯಲ್ಲಿ ಸ್ಪಷ್ಟವಾಗಿ ಬರೆಸಿ. ವರದಿ ಮೂರು ಪ್ರಶ್ನೆಗೆ ಉತ್ತರ ಕೊಡಬೇಕು: ದೋಷ ಏನು, ಅದಕ್ಕೆ ಎಷ್ಟು ವಯಸ್ಸು, ಸರಿಪಡಿಸಲು ಎಷ್ಟು ಖರ್ಚು. ಎರಡನೆಯದನ್ನು ಬಿಟ್ಟ ವರದಿಗಳೇ ಹೆಚ್ಚು, ಕೋರ್ಟಿನಲ್ಲಿ ಎದುರು ವಕೀಲರು ಮೊದಲು ಕೈ ಹಾಕುವುದೂ ಅಲ್ಲಿಗೇ.

ಇನ್ನು ಕ್ರಯಪತ್ರದ ಆ ಸಾಲು. "ಖರೀದಿದಾರರು ಸ್ವತ್ತನ್ನು ಖುದ್ದು ಪರಿಶೀಲಿಸಿ ತೃಪ್ತರಾಗಿರುತ್ತಾರೆ" ಎಂದು ಎಲ್ಲ ಪತ್ರಬರಹಗಾರರೂ ಬರೆಯುತ್ತಾರೆ. 55ನೇ ಕಲಮು "ಬೇರೆ ಕರಾರು ಇಲ್ಲದಿದ್ದರೆ" ಎಂದೇ ಶುರುವಾಗುವುದರಿಂದ ಆ ಸಾಲಿಗೆ ಬೆಲೆಯೇ ಇಲ್ಲ ಎನ್ನಲಾಗದು. ಕಣ್ಣಿಗೆ ಕಾಣುವ ದೋಷಗಳ ಮಟ್ಟಿಗೆ ಅದು ಮಾರಿದವರನ್ನು ಕಾಯುತ್ತದೆ. ಮುಚ್ಚಿಟ್ಟದ್ದನ್ನು ಕಾಯುವುದಿಲ್ಲ. ಗೊತ್ತಿದ್ದೂ ಸಕ್ರಿಯವಾಗಿ ಮರೆಮಾಚುವುದು 1872ರ ಕರಾರು ಕಾಯ್ದೆಯ 17ನೇ ಕಲಮಿನಲ್ಲಿ ವಂಚನೆ. ಇಲ್ಲೊಂದು ಸೂಕ್ಷ್ಮವಿದೆ. 19ನೇ ಕಲಮಿಗೆ ಇರುವ ವಿನಾಯಿತಿ ಪ್ರಕಾರ, ಎದುರಿನವರು ಬರೇ ಸುಮ್ಮನಿದ್ದು ಮೋಸ ಮಾಡಿದ್ದರೆ, ಸಾಮಾನ್ಯ ಎಚ್ಚರದಿಂದ ನಿಜ ತಿಳಿಯುವ ಅವಕಾಶ ನಿಮಗಿದ್ದಲ್ಲಿ ಕರಾರು ರದ್ದು ಮಾಡಲಾಗದು. ಆ ವಿನಾಯಿತಿ ಮೌನಕ್ಕೆ ಇದೆ, ಬಣ್ಣ ಬಳಿದು ಮುಚ್ಚಿದ್ದಕ್ಕೆ ಇಲ್ಲ. ಆದ್ದರಿಂದ ನೋಟಿಸಿನಲ್ಲಿ "ತಿಳಿಸಲಿಲ್ಲ" ಎಂದಷ್ಟೇ ಬರೆಯಬೇಡಿ. "ಮೆಶ್ ಹಾಕಿ, ಪುಟ್ಟಿ ಬಡಿದು, ಬಣ್ಣ ಬಳಿದು ಮರೆಮಾಚಿದ್ದೀರಿ" ಎಂದೇ ಬರೆಸಿ.

ಕ್ರಯ ರದ್ದೋ, ನಷ್ಟ ಪರಿಹಾರವೋ? ಮನೆಯೇ ವಾಸಕ್ಕೆ ಅಪಾಯ ಎಂದು ವರದಿ ಬಂದರೆ ಮಾತ್ರ ರದ್ದಿನ ಕಡೆ ಯೋಚಿಸಿ. ರದ್ದಾದರೆ ಮನೆ ಬಿಟ್ಟುಕೊಡಬೇಕು, ನೀವು ಮಾಡಿಸಿದ ಇಂಟೀರಿಯರ್ ಲೆಕ್ಕ ಹಾಕಬೇಕು, ಬ್ಯಾಂಕ್ ಸಾಲ ತೀರಿಸಬೇಕು, ಶೇಕಡಾ 5ರ ಮುದ್ರಾಂಕ ಶುಲ್ಕವನ್ನೂ ನಷ್ಟದ ಬಾಬ್ತಿನಲ್ಲಿ ಕೇಳಬೇಕು. ತೀರ್ಪು ಬರುವ ತನಕ ಇಎಂಐ ನಿಲ್ಲುವುದಿಲ್ಲ. ರಿಪೇರಿ ಖರ್ಚು, ರಿಪೇರಿ ಕಾಲದ ಬಾಡಿಗೆ, ಎಂಜಿನಿಯರ್ ಶುಲ್ಕ ಇಷ್ಟನ್ನು ನಷ್ಟವಾಗಿ ಕೇಳುವುದೇ ನಿಮಗೆ ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ.

ಮೊದಲು ವಕೀಲರ ಮೂಲಕ ಸ್ಪೀಡ್ ಪೋಸ್ಟಿನಲ್ಲಿ ನೋಟಿಸು. ವರದಿಯ ಪ್ರತಿ ಲಗತ್ತಿಸಿ, 15 ದಿನದೊಳಗೆ ಅವರೇ ಬಂದು, ಬೇಕಾದರೆ ತಮ್ಮ ಎಂಜಿನಿಯರನ್ನೂ ಕರೆತಂದು ನೋಡಲಿ ಎಂದು ಕರೆಯಿರಿ. ಬಂದರೆ ಅರ್ಧ ಪ್ರಕರಣಗಳು ಅಲ್ಲೇ ಮಾತುಕತೆಗೆ ತಿರುಗುತ್ತವೆ. ಬಾರದಿದ್ದರೆ ಸಿವಿಲ್ ದಾವೆ. ದಾವೆಯ ಜೊತೆಗೇ ಸಿವಿಲ್ ಪ್ರಕ್ರಿಯಾ ಸಂಹಿತೆಯ 26ನೇ ಆರ್ಡರ್, 9ನೇ ರೂಲಿನಡಿ ಸ್ಥಳ ನೋಡಿ ವರದಿ ಕೊಡುವ ಕೋರ್ಟ್ ಕಮಿಷನರನ್ನು ನೇಮಿಸಲು ಅರ್ಜಿ ಹಾಕಿ. ಕಮಿಷನರ್ ಬಂದುಹೋದ ಮೇಲೆಯೇ ದೊಡ್ಡ ರಿಪೇರಿ. ಅಲ್ಲಿಯವರೆಗೆ ತಾರಸಿಗೆ ಟಾರ್ಪಾಲು ಹೊದಿಸುವಂಥ ತುರ್ತು ಕೆಲಸ ಮಾಡಿಕೊಳ್ಳಬಹುದು, ಮಾಡಲೂ ಬೇಕು. ಕಣ್ಣೆದುರೇ ನಷ್ಟ ಬೆಳೆಯಲು ಬಿಟ್ಟು ಅದನ್ನೂ ಕೊಡಿ ಎಂದರೆ ಕರಾರು ಕಾಯ್ದೆಯ 73ನೇ ಕಲಮಿನಡಿ ಕೋರ್ಟು ಒಪ್ಪುವುದಿಲ್ಲ. ಕಾಲಮಿತಿ ಮೂರು ವರ್ಷ. ವಂಚನೆಯಾಗಿದ್ದರೆ ಅದು ಕಾಲಮಿತಿ ಕಾಯ್ದೆಯ 17ನೇ ಕಲಮಿನಂತೆ ನಿಮಗೆ ತಿಳಿದ ದಿನದಿಂದ ಎಣಿಕೆ. ಜುಲೈನ ಆ ಫೋಟೊ, ಮೇಸ್ತ್ರಿಗೆ ಕಳಿಸಿದ ವಾಟ್ಸಾಪ್ ಸಂದೇಶ ಅದಕ್ಕೂ ಬೇಕಾಗುತ್ತದೆ. ಫೋನನ್ನು ಮಾರಬೇಡಿ, ರೀಸೆಟ್ ಮಾಡಬೇಡಿ. ಡಿಜಿಟಲ್ ಸಾಕ್ಷ್ಯಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 63ನೇ ಕಲಮಿನ ಪ್ರಮಾಣಪತ್ರ ಜೊತೆಗಿರಬೇಕು.

ಪೊಲೀಸ್ ಠಾಣೆ? ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮಿನಲ್ಲಿ ಅಪ್ರಾಮಾಣಿಕವಾಗಿ ಸಂಗತಿ ಮುಚ್ಚಿಡುವುದೂ ವಂಚನೆಯೇ. ಆದರೂ "ಇದು ಸಿವಿಲ್ ಮ್ಯಾಟರ್" ಎಂಬ ಹಿಂಬರಹ ಸಿಗುವ ಸಾಧ್ಯತೆಯೇ ಹೆಚ್ಚು. ಠಾಣೆಯ ಮೆಟ್ಟಿಲು ಹತ್ತುತ್ತಾ ಸಿವಿಲ್ ದಾವೆಯ ಕಾಲ ಕಳೆದುಕೊಳ್ಳಬೇಡಿ. ಗ್ರಾಹಕ ಆಯೋಗವೂ ಇಲ್ಲಿ ಒದಗುವುದಿಲ್ಲ. ತಾವಿದ್ದ ಮನೆಯನ್ನು ಒಬ್ಬರು ಮಾರಿದರೆ ಅದು ಬರೇ ಕ್ರಯ, "ಸೇವೆ" ಅಲ್ಲ. ಮಾರಿದವರು ಮನೆ ಕಟ್ಟಿ ಮಾರುವುದನ್ನೇ ಕಸುಬು ಮಾಡಿಕೊಂಡವರಾದರೆ ಮಾತು ಬೇರೆ. ಕೊಟ್ಟ ಬೆಲೆ 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗ, ಅದಕ್ಕೆ ಮೇಲೆ 2 ಕೋಟಿಯವರೆಗೆ ರಾಜ್ಯ ಆಯೋಗ. ಅಲ್ಲಿ ಕಾಲಮಿತಿ ಎರಡೇ ವರ್ಷ.

ದಾವಣಗೆರೆಯಿಂದ: ಇನ್ನೂ ಅಡ್ವಾನ್ಸ್ ಕೊಟ್ಟಿಲ್ಲ. ಹಳೆ ಮನೆಯಲ್ಲಿ ಮುಚ್ಚಿಟ್ಟ ದೋಷವನ್ನು ನಾವೇ ಪತ್ತೆ ಮಾಡುವುದು ಹೇಗೆ?

ಉತ್ತರ: ಪುಣ್ಯವಂತರು, ಸರಿಯಾದ ಹೊತ್ತಿಗೆ ಕೇಳಿದ್ದೀರಿ. ಬೇಸಿಗೆಯಲ್ಲಿ ನೋಡಿದ ಮನೆಯನ್ನು ಒಂದು ಜೋರು ಮಳೆಯ ಮಾರನೇ ದಿನ ಮತ್ತೆ ನೋಡಿ. ಅಷ್ಟು ಕಾಯಲಾಗದಿದ್ದರೆ ಮಳೆಯನ್ನು ನೀವೇ ತನ್ನಿ. ತಾರಸಿಯ ನೀರು ಹೋಗುವ ತೂತುಗಳನ್ನು ಗೋಣಿಚೀಲ, ಮಣ್ಣಿನಿಂದ ಮುಚ್ಚಿ ಎರಡು ಇಂಚು ನೀರು ಕಟ್ಟಿ 24ರಿಂದ 48 ಗಂಟೆ ಬಿಡಿ, ಕೆಳಗೆ ಸೂರಿಗೆ ಸೀಮೆಸುಣ್ಣದಿಂದ ಗುರುತು ಹಾಕಿ. ಸ್ಲ್ಯಾಬಿನಲ್ಲಿ ಆಗಲೇ ದೊಡ್ಡ ಬಿರುಕಿದ್ದರೆ ಅಷ್ಟು ಭಾರ ಹೊರಿಸುವುದು ಸರಿಯಲ್ಲ. ಎರಡು ಇಂಚು ನೀರೆಂದರೆ ಚದರ ಅಡಿಗೆ ಸುಮಾರು 5 ಕಿಲೋ, ಸಾವಿರ ಚದರ ಅಡಿಗೆ 5 ಟನ್.

ಗೋಡೆಯ ತೇವಕ್ಕೆ ಅಗ್ಗದ ಪರೀಕ್ಷೆಯೊಂದಿದೆ. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಗಾಳಿ ಆಡದಂತೆ ಟೇಪು ಮಾಡಿ ಎರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ, ಅಂದರೆ ಗೋಡೆಯ ಕಡೆಗೆ, ಹನಿ ಕಟ್ಟಿದರೆ ತೇವ ಗೋಡೆಯೊಳಗಿನದು. ಹೊರಮೈ ಮಾತ್ರ ಬೆವರಿದರೆ ಅದು ಕೋಣೆಯ ಗಾಳಿಯದು, ಕಿಟಕಿ ತೆರೆದರೆ ಮುಗಿಯಿತು. ಕಣ್ಣಿಗೆ ಬೀಳುವ ಸುಳಿವುಗಳೂ ಇವೆ. ಮೂರು ಗೋಡೆಗೆ ಹಳೆ ಬಣ್ಣ, ಒಂದಕ್ಕೆ ಮಾತ್ರ ಹೊಸದು. ನೆಲದಿಂದ ಮೂರಡಿಯವರೆಗೆ ಟೈಲ್ಸ್ ಅಥವಾ ಪಿವಿಸಿ ಹಲಗೆ, ಅದೂ ಮಲಗುವ ಕೋಣೆಯಲ್ಲಿ. ಒಂದೇ ಕೋಣೆಗೆ ಫಾಲ್ಸ್ ಸೀಲಿಂಗ್. ಇವೆಲ್ಲ ಶೋಕಿಗೂ ಮಾಡಿಸಿದ್ದಿರಬಹುದು, ಆದರೆ ಫಾಲ್ಸ್ ಸೀಲಿಂಗಿನ ಲೈಟೊಂದನ್ನು ಇಳಿಸಿ ಟಾರ್ಚು ಹಾಕಿ ನೋಡಲು ಐದು ನಿಮಿಷ ಸಾಕು. ಗೋಡೆ ಅಲಮಾರಿಗಳ ಹಿಂಬದಿಯಲ್ಲಿ, ಬಾಗಿಲ ಚೌಕಟ್ಟಿನ ಬುಡದಲ್ಲಿ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ. ಗೆದ್ದಲು ತಿಂದ ಮರ ಡೊಳ್ಳಿನ ಹಾಗೆ ಸದ್ದು ಮಾಡುತ್ತದೆ. ಬೋರ್‌ವೆಲ್ಲಿನ ಮೋಟಾರನ್ನು ಎರಡು ಗಂಟೆ ಸತತ ಓಡಿಸಿ. ಅರ್ಧ ಗಂಟೆಗೆ ಗಾಳಿ ಕಕ್ಕಿದರೆ ನೀರಿನ ಮಟ್ಟ ಏನೆಂದು ತಿಳಿಯಿತು.

ಎಲ್ಲಕ್ಕಿಂತ ಮುಖ್ಯವಾದ ಕೆಲಸಕ್ಕೆ ದುಡ್ಡೇ ಬೇಡ. ಮಾರುವವರಿಗೆ ವಾಟ್ಸಾಪಿನಲ್ಲೋ ಇಮೇಲಿನಲ್ಲೋ ಬರೆದು ಕೇಳಿ: "ಕಳೆದ ಐದು ವರ್ಷದಲ್ಲಿ ತಾರಸಿ, ಗೋಡೆ, ಬಚ್ಚಲು ಎಲ್ಲಾದರೂ ಸೋರಿದ್ದುಂಟೇ? ಬಿರುಕಿಗೆ ರಿಪೇರಿ ಮಾಡಿಸಿದ್ದೀರಾ? ಗೆದ್ದಲಿಗೆ ಔಷಧಿ ಹೊಡೆಸಿದ್ದೀರಾ? ಒಳಚರಂಡಿ ಸಂಪರ್ಕ ಇದೆಯೇ, ಗುಂಡಿಯೇ? ಪಕ್ಕದವರ ಜೊತೆ ದಾರಿ, ಗೋಡೆ, ನೀರಿನ ತಕರಾರು ಇದೆಯೇ?" ಕೇಳದಿದ್ದಾಗ ಅವರು ಸುಮ್ಮನಿದ್ದರೆ ಮೇಲೆ ಹೇಳಿದ ಮೂರೂ ಗಂಟು ನೀವೇ ಬಿಚ್ಚಬೇಕು. ಕೇಳಿದಾಗ ಗೊತ್ತಿದ್ದೂ "ಇಲ್ಲ" ಎಂದು ಬರೆದರೆ ಅದು ಸುಳ್ಳು ಹೇಳಿಕೆ, ಕೇಸು ಅರ್ಧಕ್ಕರ್ಧ ಹಗುರ. ಉತ್ತರ ಬರೆಯದೆ "ಬಂದು ಮಾತಾಡಿ ಸಾರ್" ಎಂದರೆ ಅದೂ ಒಂದು ಉತ್ತರವೇ. ಆ ಪ್ರಶ್ನೋತ್ತರವನ್ನು ಖರೀದಿ ಕರಾರು ಪತ್ರಕ್ಕೆ ಅನುಬಂಧವಾಗಿ ಸೇರಿಸಿ ಇಬ್ಬರೂ ಸಹಿ ಹಾಕಿ.

ಬೆಂಗಳೂರಿನಿಂದ: ಮೂರು ವರ್ಷ ಹಿಂದೆ ಮುಗಿದ ಅಪಾರ್ಟ್‌ಮೆಂಟಿನಲ್ಲಿ ಮೊದಲ ಮಾಲೀಕರಿಂದ ಫ್ಲ್ಯಾಟ್ ಕೊಂಡೆ. ನಮ್ಮ ಬಚ್ಚಲಿನಿಂದ ಕೆಳಮನೆಗೆ ಸೋರುತ್ತಿದೆ. ಬಿಲ್ಡರ್ ಕಡೆಯವರು "ನೀವು ನಮ್ಮ ಕಸ್ಟಮರ್ ಅಲ್ಲ, ವಾರಂಟಿ ಒಂದೇ ವರ್ಷ" ಅನ್ನುತ್ತಾರೆ.

ಉತ್ತರ: ಎರಡೂ ತಪ್ಪು. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 2(ಡಿ) ಕಲಮಿನಂತೆ ಮಂಜೂರುದಾರರಿಂದ, ಅಂದರೆ ಬಿಲ್ಡರ್ ಫ್ಲ್ಯಾಟ್ ಕೊಟ್ಟವರಿಂದ, ಆಮೇಲೆ ಕೊಂಡವರೂ ಮಂಜೂರುದಾರರೇ. 14(3) ಕಲಮಿನಂತೆ ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ರಚನೆಯ ದೋಷವನ್ನಾಗಲಿ ಕೆಲಸಗಾರಿಕೆ, ಗುಣಮಟ್ಟದ ದೋಷವನ್ನಾಗಲಿ ಗಮನಕ್ಕೆ ತಂದರೆ 30 ದಿನದಲ್ಲಿ ಬಿಟ್ಟಿಯಾಗಿ ಸರಿಪಡಿಸಬೇಕು, ಇಲ್ಲವಾದರೆ ಪರಿಹಾರ ಕೊಡಬೇಕು. ಕರಾರಿನಲ್ಲಿ ಒಂದು ವರ್ಷ ಎಂದು ಬರೆದುಕೊಂಡರೆ ಕಾಯ್ದೆಯ ಐದು ವರ್ಷ ಕರಗುವುದಿಲ್ಲ. ಎಣಿಕೆಯನ್ನು ನೀವು ಕೊಂಡ ದಿನದಿಂದ ಹಿಡಿಯಬೇಡಿ, ಮೊದಲ ಮಾಲೀಕರಿಗೆ ಕೀಲಿ ಕೊಟ್ಟ ದಿನದಿಂದ ಹಿಡಿಯಿರಿ, ಆಗ ಜಗಳಕ್ಕೆ ಆಸ್ಪದವಿರುವುದಿಲ್ಲ. ಐದು ವರ್ಷದೊಳಗೆ ಆಗಬೇಕಾದ್ದು ತಿಳಿಸುವಿಕೆ. ಆದ್ದರಿಂದ ಸೈಟ್ ಎಂಜಿನಿಯರಿಗೆ ಫೋನು ಮಾಡಿದ್ದನ್ನು ನೆಚ್ಚಬೇಡಿ, ಕಂಪನಿಯ ನೋಂದಾಯಿತ ವಿಳಾಸಕ್ಕೆ ಪತ್ರವನ್ನೂ ಇಮೇಲನ್ನೂ ಕಳಿಸಿ.

ಬಿಲ್ಡರ್ ಮುಂದೆ ಇಡುವ ವಾದ ಇದೇ ಇರುತ್ತದೆ: ಮೊದಲಿನವರು ಬಚ್ಚಲಿನ ಟೈಲ್ಸ್ ಬದಲಿಸಿದರು, ವಾಟರ್‌ಪ್ರೂಫಿಂಗ್ ಅವರೇ ಹಾಳುಮಾಡಿದರು. ನಿಜವಾಗಿದ್ದರೆ ಅದು ನಿಮಗೆ ತೊಡಕು, ಹಾಗಾಗಿ ಮೂಲ ಟೈಲ್ಸೇ ಇದೆ ಎಂಬುದಕ್ಕೆ ಅಕ್ಕಪಕ್ಕದ ಫ್ಲ್ಯಾಟಿನ ಬಚ್ಚಲಿನ ಫೋಟೊ ಇಟ್ಟುಕೊಳ್ಳಿ. ಸೋರಿಕೆ ಎಲ್ಲಿಯದೆಂದು ತಿಳಿಯುವುದೂ ಅಗತ್ಯ. ಬಚ್ಚಲನ್ನು ಮೂರು ದಿನ ಬಳಸಬೇಡಿ, ನೀರಿನ ವಾಲ್ವ್ ಮಾತ್ರ ತೆರೆದಿರಲಿ. ಕೆಳಗೆ ತೊಟ್ಟಿಕ್ಕುವುದು ನಿಲ್ಲದಿದ್ದರೆ ಒತ್ತಡದ ಪೈಪಿನ ಮೇಲೆ ಅನುಮಾನ. ವಾಲ್ವ್ ಮುಚ್ಚಿ ನೋಡಿ, ಅದರಿಂದ ನಿಂತರೆ ಅನುಮಾನ ಗಟ್ಟಿ. ಬಳಸದಿದ್ದಾಗ ನಿಂತುಹೋದರೆ ನೆಲದ ಟ್ರ್ಯಾಪ್ ಮುಚ್ಚಿ ಒಂದು ಇಂಚು ನೀರು ಕಟ್ಟಿ, ಅಡುಗೆ ಬಣ್ಣ ಬೆರೆಸಿ, ದಿನವಿಡೀ ಬಿಡಿ. ಕೆಳಗೆ ಬಣ್ಣದ ನೀರು ಬಂದರೆ ನೆಲದ ವಾಟರ್‌ಪ್ರೂಫಿಂಗ್ ಕೈಕೊಟ್ಟಿದೆ. ಬಾರದೆ, ಫ್ಲಶ್ ಮಾಡಿದಾಗ ಮಾತ್ರ ಬಂದರೆ ಕಮೋಡಿನ ಜಾಯಿಂಟು. ಒಂದು ಎಚ್ಚರಿಕೆ: ಬಚ್ಚಲಿನ ಸ್ಲ್ಯಾಬನ್ನು ಇಳಿಸಿ, ಮೇಲೆ ಇಟ್ಟಿಗೆ ಚೂರು ತುಂಬಿದ್ದರೆ ಆ ಭರ್ತಿ ಸ್ಪಂಜಿನಂತೆ ನೀರು ಹಿಡಿದುಕೊಂಡಿರುತ್ತದೆ. ಮೂಲ ನಿಂತರೂ ವಾರಗಟ್ಟಲೆ ಹನಿಯಬಹುದು, ಮೂರು ದಿನಕ್ಕೇ ತೀರ್ಮಾನಕ್ಕೆ ಬರಬೇಡಿ.

ಸರಿಪಡಿಸದಿದ್ದರೆ ಕರ್ನಾಟಕ ರೇರಾ ಜಾಲತಾಣದಲ್ಲಿ ದೂರು. ಯೋಜನೆಯ ನೋಂದಣಿ ಸಂಖ್ಯೆ ಬೇಕು. 500 ಚದರ ಮೀಟರ್ ಮೀರದ ಜಾಗದ ಯೋಜನೆಗಾಗಲಿ ಎಂಟು ಫ್ಲ್ಯಾಟ್ ಮೀರದ ಯೋಜನೆಗಾಗಲಿ ನೋಂದಣಿ ಕಡ್ಡಾಯವಲ್ಲ, ಬೆಂಗಳೂರಿನ ಗಲ್ಲಿಗಳಲ್ಲಿ ಏಳುವ ನಾಲ್ಕು ಫ್ಲ್ಯಾಟಿನ ಕಟ್ಟಡಗಳು ಹೀಗೆ ತಪ್ಪಿಸಿಕೊಳ್ಳುತ್ತವೆ. ಅಂಥ ಕಡೆ ಗ್ರಾಹಕ ಆಯೋಗವೇ ಹಾದಿ. ಮಾರಿದವರನ್ನೂ ಮರೆಯಬೇಡಿ. ಕೆಳಮನೆಯವರು ಸಂಘದ ದೂರು ಪುಸ್ತಕದಲ್ಲಿ ಅವರ ಕಾಲದಲ್ಲೇ ಬರೆದಿದ್ದರೆ "ಗೊತ್ತಿತ್ತು" ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಡ.

ಶಿವಮೊಗ್ಗದಿಂದ: ಅಪ್ಪ ಕಟ್ಟಿಸಿದ ಮನೆ ಮಾರುತ್ತಿದ್ದೇವೆ. ಬೋರ್ ಬೇಸಿಗೆಯಲ್ಲಿ ಬತ್ತುತ್ತದೆ, ಹಿಂದೊಮ್ಮೆ ಗೆದ್ದಲಾಗಿತ್ತು, ಐದು ವರ್ಷದ ಕೆಳಗೆ ಮನೆಯಲ್ಲಿ ಒಂದು ಆತ್ಮಹತ್ಯೆ ನಡೆದಿದೆ. ಎಷ್ಟು ಹೇಳಬೇಕು?

ಉತ್ತರ: ಬೋರು, ಗೆದ್ದಲು ಎರಡನ್ನೂ ಹೇಳಿ, ಬರೆದೇ ಹೇಳಿ. ಹೇಳಿದ ದೋಷಕ್ಕೆ ಬೆಲೆಯಲ್ಲಿ ಸ್ವಲ್ಪ ಹೋಗಬಹುದು, ಹೇಳದ ದೋಷಕ್ಕೆ ಆಮೇಲೆ ನೋಟಿಸು ಬರುತ್ತದೆ. ಕರಾರಿನಲ್ಲಿ ಇಷ್ಟು ಸಾಕು: "ಷೆಡ್ಯೂಲ್ ಸ್ವತ್ತಿನ ಬೋರ್‌ವೆಲ್ ಮಾರ್ಚ್‌ನಿಂದ ಮೇ ತನಕ ಸಾಕಷ್ಟು ನೀರು ಕೊಡುವುದಿಲ್ಲ, ಹಿಂದೆ ಹಿಂಬದಿ ಕೋಣೆಯ ಚೌಕಟ್ಟಿಗೆ ಗೆದ್ದಲು ಹತ್ತಿ ಔಷಧಿ ಮಾಡಿಸಲಾಗಿದೆ, ಈ ಸಂಗತಿಗಳನ್ನು ಖರೀದಿದಾರರಿಗೆ ತಿಳಿಸಲಾಗಿದ್ದು ಅವರು ಒಪ್ಪಿ ಬೆಲೆ ನಿಗದಿ ಮಾಡಿಕೊಂಡಿದ್ದಾರೆ." "ಇರುವ ಸ್ಥಿತಿಯಲ್ಲಿ" ಎಂಬ ಮೊಗಮ್ಮು ಮಾತಿಗಿಂತ ಈ ಒಂದು ವಾಕ್ಯ ನಿಮ್ಮನ್ನು ಹೆಚ್ಚು ಕಾಯುತ್ತದೆ. ಔಷಧಿ ಹೊಡೆದವರ ರಸೀದಿ ಇದ್ದರೆ ಪ್ರತಿ ಕೊಡಿ.

ಸಾವಿನ ವಿಚಾರ ಬೇರೆ. 55ನೇ ಕಲಮು ಮಾತಾಡುವುದು ಸ್ವತ್ತಿನ ದೋಷ, ಹಕ್ಕಿನ ದೋಷಗಳ ಬಗ್ಗೆ. ಅಲ್ಲಿ ನಡೆದ ಸಾವು ಗೋಡೆಯ ದೋಷವಲ್ಲ, ಕಡ್ಡಾಯವಾಗಿ ಹೇಳಬೇಕೆಂದು ಅದರಲ್ಲಿ ಬರೆದಿಲ್ಲ. ಆದರೆ ಕೊಳ್ಳುವವರು ನೇರವಾಗಿ ಕೇಳಿದರೆ "ಇಲ್ಲ" ಎನ್ನಬೇಡಿ, ಅಲ್ಲಿಂದ ಅದು ಸುಳ್ಳು ಹೇಳಿಕೆಯಾಗುತ್ತದೆ. ನಮ್ಮ ಊರುಗಳಲ್ಲಿ ಇದು ಪಕ್ಕದ ಮನೆಯ ಜಗಲಿಯಲ್ಲೇ ತಿಳಿಯುವ ಸುದ್ದಿ ಬೇರೆ. ಗೃಹಪ್ರವೇಶದ ದಿನ ತಿಳಿಯುವುದಕ್ಕಿಂತ ಅಡ್ವಾನ್ಸಿಗೆ ಮೊದಲು ನಿಮ್ಮ ಬಾಯಲ್ಲೇ ತಿಳಿಯುವುದು ಲೇಸು.

ಹುಬ್ಬಳ್ಳಿಯಿಂದ: ಬ್ಯಾಂಕ್ ಹರಾಜಿನಲ್ಲಿ ಮನೆ ಹಿಡಿದೆ. ನೋಟಿಸಿನಲ್ಲಿ "ಇದ್ದಲ್ಲಿ ಇದ್ದಂತೆ" ಎಂದಿತ್ತು. ಈಗ ನೋಡಿದರೆ ಮನೆಗೆ ಹೋಗುವ ದಾರಿ ಪಕ್ಕದವರ ಹೆಸರಿನಲ್ಲಿದೆ.

ಉತ್ತರ: ಹರಾಜಿನಲ್ಲಿ ಕೊಳ್ಳುವವರು ಹೆಚ್ಚು ಎಚ್ಚರ ಇರಬೇಕು ಎಂಬುದು ನಿಜ, ಆದರೆ ಆ ಎರಡು ಪದ ಬ್ಯಾಂಕಿಗೆ ಪೂರ್ತಿ ಕವಚವಲ್ಲ. ಅಡವಿಟ್ಟ ಸ್ವತ್ತನ್ನು ಬ್ಯಾಂಕು ಮಾರಿ ಸಾಲ ವಸೂಲು ಮಾಡುವ ಸರ್ಫೇಸಿ ಕಾಯ್ದೆಯಡಿ 2002ರ ನಿಯಮಗಳ 8ನೇ ನಿಯಮದಂತೆ ಬ್ಯಾಂಕಿಗೆ ಗೊತ್ತಿರುವ ಋಣಭಾರಗಳನ್ನೂ, ಕೊಳ್ಳುವವರಿಗೆ ತಿಳಿದಿರಬೇಕಾದ ಮುಖ್ಯ ಸಂಗತಿಗಳನ್ನೂ ಮಾರಾಟ ನೋಟಿಸಿನಲ್ಲಿ ಹಾಕಬೇಕು. ಹರಿಯಾಣ ಫೈನಾನ್ಷಿಯಲ್ ಕಾರ್ಪೊರೇಷನ್ನಿನ ಪ್ರಕರಣದಲ್ಲಿ ಹರಾಜಾದ ಘಟಕಕ್ಕೆ ದಾರಿಯೇ ಇಲ್ಲವೆಂಬುದನ್ನು ತಿಳಿಸದ್ದಕ್ಕೆ ಸುಪ್ರೀಂ ಕೋರ್ಟ್ ಇದೇ 55(1)(ಎ) ಕಲಮನ್ನು ಹಿಡಿದು ಕೊಂಡವರ ಪರ ನಿಂತಿತು. ನಿಮ್ಮದು ಬಹುತೇಕ ಅದೇ ಸಂಗತಿ. ಸಾಲ ಕೊಡುವಾಗ ಬ್ಯಾಂಕು ಮಾಡಿಸಿದ ಮೌಲ್ಯಮಾಪನ ವರದಿಯಲ್ಲಿ ನಾಲ್ಕೂ ದಿಕ್ಕಿನ ಚೆಕ್ಕುಬಂದಿ, ದಾರಿಯ ವಿವರ ಇರುತ್ತದೆ. ಅದರ ಪ್ರತಿ ಕೇಳಿ. ದಾರಿಯ ತೊಡಕು ಅದರಲ್ಲಿ ದಾಖಲಾಗಿದ್ದೂ ನೋಟಿಸಿನಲ್ಲಿ ಕಾಣದಿದ್ದರೆ ನಿಮ್ಮ ಕೇಸು ಗಟ್ಟಿ. ಹರಾಜಿನ ಬೆಲೆಯಲ್ಲಿ ಶೇಕಡಾ 75ರ ಬಾಕಿ ಇನ್ನೂ ಕಟ್ಟಿಲ್ಲವಾದರೆ ಸುಮ್ಮನೆ ನಿಲ್ಲಿಸಿ ಕೂರಬೇಡಿ, ಕಟ್ಟಿದ ಠೇವಣಿ ಮುಟ್ಟುಗೋಲಾಗುತ್ತದೆ. ಗಡುವಿಗೆ ಮೊದಲೇ ಲಿಖಿತ ಆಕ್ಷೇಪ ಸಲ್ಲಿಸಿ ಸಾಲ ವಸೂಲಿ ನ್ಯಾಯಮಂಡಳಿಗೆ ಹೋಗಿ. ಅರ್ಜಿಗೆ ಅಲ್ಲಿರುವ ಅವಧಿ 45 ದಿನ.

ತುಮಕೂರಿನಿಂದ: ಮನೆಗೆ ಮಂಜೂರಾತಿ ನಕ್ಷೆ ಎರಡು ಅಂತಸ್ತಿಗೆ, ಕಟ್ಟಿರುವುದು ಮೂರು. ಮಾರಿದವರು ಹೇಳಲಿಲ್ಲ. ಅವರ ಮೇಲೆ ಹೋಗಬಹುದೇ?

ಉತ್ತರ: ಕಷ್ಟ. ಅಂತಸ್ತು ಎಣಿಸಲು ಕಣ್ಣು ಸಾಕು, ನಕ್ಷೆಯ ಪ್ರತಿ ಪಾಲಿಕೆಯಲ್ಲಿ ಸಿಗುತ್ತದೆ. ಸಾಮಾನ್ಯ ಎಚ್ಚರದಿಂದ ಕಾಣಬಹುದಾದ ದೋಷಕ್ಕೆ 55ನೇ ಕಲಮಿನ ರಕ್ಷಣೆ ಇಲ್ಲ. ಖಾತೆ, ಋಣಭಾರ ಪತ್ರ, ರಾಜಕಾಲುವೆ ಇರುವ ಗ್ರಾಮನಕ್ಷೆ ಇವೂ ಇದೇ ಗುಂಪಿನವು. ಮೂರಂತಸ್ತಿನ ನಕಲಿ ನಕ್ಷೆ ತೋರಿಸಿದ್ದರು, ಅಥವಾ ಪಾಲಿಕೆ ಮೊದಲೇ ಕೊಟ್ಟ ನೋಟಿಸನ್ನು ಮುಚ್ಚಿಟ್ಟಿದ್ದರು ಎಂದಾದರೆ ಮಾತ್ರ ಮತ್ತೆ ಬರೆಯಿರಿ. ಆ ನೋಟಿಸಿನ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಪಡೆಯಬಹುದು.

ಹಾಸನದಿಂದ: ಮಗ ಅಮೆರಿಕದ ಟೆಕ್ಸಾಸ್‌ನಲ್ಲಿ ಹಳೆ ಮನೆ ಕೊಳ್ಳುತ್ತಿದ್ದಾನೆ. ಅಲ್ಲಿಯೂ ಇದೇ ರೀತಿಯೇ?

ಉತ್ತರ: ಅಲ್ಲಿ ಮಾರುವವರು ಫಾರಂ ತುಂಬಿಕೊಡಬೇಕು. ಟೆಕ್ಸಾಸ್ ಆಸ್ತಿ ಸಂಹಿತೆಯ 5.008ನೇ ಕಲಮು, ಹಿಂದೆ ಜನ ವಾಸವಿದ್ದ ಒಂಟಿ ಮನೆಗಳಿಗೆ ಅನ್ವಯ. ಚಾವಣಿ, ಪಾಯ, ಗೆದ್ದಲು, ನೆರೆ ನೀರು ಹೀಗೆ ಒಂದೊಂದನ್ನೂ ಗೊತ್ತಿದ್ದಷ್ಟು ಬರೆಯಬೇಕು. ಕರಾರು ಜಾರಿಗೆ ಬರುವ ಹೊತ್ತಿಗೆ ಆ ಫಾರಂ ಕೈಸೇರದಿದ್ದರೆ, ಅದು ಸಿಕ್ಕ ಏಳು ದಿನದೊಳಗೆ ಕಾರಣ ಹೇಳದೆಯೇ ಹಿಂದೆ ಸರಿಯಬಹುದು. ಸಹಜ ಸಾವು, ಆತ್ಮಹತ್ಯೆ, ಕಟ್ಟಡದ ಸ್ಥಿತಿಗೆ ಸಂಬಂಧವಿಲ್ಲದ ಅಪಘಾತದ ಸಾವು ಇವನ್ನು ಹೇಳಬೇಕಿಲ್ಲ ಎಂದು ಆ ಕಲಮಿನಲ್ಲೇ ಸ್ಪಷ್ಟವಾಗಿದೆ. 1978ಕ್ಕಿಂತ ಹಿಂದಿನ ಮನೆಯಾದರೆ ಸೀಸ ಬೆರೆತ ಬಣ್ಣದ ಬಗ್ಗೆ ಒಕ್ಕೂಟದ ಕಾನೂನಿನಂತೆ ಪ್ರತ್ಯೇಕ ಹೇಳಿಕೆ ಕೊಡಬೇಕು, ಪರೀಕ್ಷೆ ಮಾಡಿಸಲು 10 ದಿನ ಬಿಡಬೇಕು. ಫಾರಂ ಚೆನ್ನಾಗಿದ್ದರೂ ಮಗ ತನ್ನ ದುಡ್ಡಿನಲ್ಲಿ ಬೇರೆ ಇನ್‌ಸ್ಪೆಕ್ಟರನ್ನು ಇಟ್ಟುಕೊಳ್ಳಲಿ. ಮಾರುವವರು ಬರೆಯುವುದು ತಮಗೆ ಗೊತ್ತಿದ್ದನ್ನು, ಇನ್‌ಸ್ಪೆಕ್ಟರ್ ಚಾವಣಿ ಹತ್ತಿ ಕಂಡದ್ದನ್ನು ಬರೆಯುತ್ತಾರೆ.